ಪಕ್ಕದ ಸೀಟಿನವರ ಜಪಾನಿ ಹಾಡು

ಹೋದ ವಾರ ಹಳೆಯ ಕಾರನ್ನು ಮಾರಲೆಂದು ಹೊರಗೆ ತೆಗೆಯಲು ಹೋದೆ. ಗರಾಜಿನಲ್ಲಿ ನಿಂತು ನಿಂತು ಬ್ಯಾಟರಿ ಸತ್ತಿತ್ತು. ಜಂಪ್ ಕೊಟ್ಟು ಸ್ಟಾರ್ಟ್ ಮಾಡಿದ್ದೇ ತಡ, ಸ್ಟೀರಿಯೋ ಗೊರ್ ಎಂದು ಒಂದು ಸಿ.ಡಿ.ಯನ್ನು ಹೊರಗೆ ಚಾಚಿತು. ಅದರ ಮೇಲೆ ಕಪ್ಪು ಮಾರ್ಕರಿನಲ್ಲಿ, ದುಂಡನೆಯ ಕನ್ನಡ ಅಕ್ಷರದಲ್ಲಿ ‘ಜಪಾನ್ ೩’ ಎಂದು ಬರೆದಿತ್ತು. ಅಯ್ಯೋ ಕರ್ಮವೇ, ಇದು ಇನ್ನೂ ಇಲ್ಲೇ ಇದೆಯಾ ಎಂದುಕೊಂಡೆ.

ಅದನ್ನು ಬರೆದವರನ್ನು ನಾನು ಮನೆಯಲ್ಲಿ ‘ಪಕ್ಕದ ಸೀಟಿನವರು’ ಎಂದೇ ಕರೆಯುತ್ತಿದ್ದೆ. ಧಾರವಾಡದ ಕಡೆಯವರು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಷಿಕಾಗೋದಿಂದ ನಾಲ್ಕೈದು ಗಂಟೆ ದಾರಿಯ ನೋವೈ ಊರಿನಲ್ಲಿ ಇಬ್ಬರದೂ ಒಂದೇ ಬಡಾವಣೆ, ಇಬ್ಬರಿಗೂ ವಾರೆನ್‌ನಲ್ಲಿ ಕೆಲಸ. ಹಿಮದಲ್ಲಿ ಡ್ರೈವ್ ಮಾಡಲು ಅವರಿಗೆ ಜೀವಭಯ, ಹಾಗಾಗಿ ಎರಡು ಚಳಿಗಾಲ ನನ್ನ ಕಾರಿನಲ್ಲೇ ಬಂದರು. ಬಂದವರು ಸುಮ್ಮನೆ ಕೂತರೇ? ಒಂದು ನಿಯಮ ಬೇರೆ ಮಾಡಿದರು: ಡ್ರೈವ್ ಮಾಡುವವರ ಕೈಗೆ ರಸ್ತೆ, ಪಕ್ಕದಲ್ಲಿ ಕೂತವರ ಕೈಗೆ ಹಾಡು. ಧಾರವಾಡದವರು ತಾನೇ, ಬೆಳಿಗ್ಗೆ ಬೆಳಿಗ್ಗೆ ಭೈರವವೋ ತೋಡಿಯೋ ಹಾಕುತ್ತಾರೆಂದು ನಾನೂ ಹೂಂ ಎಂದೆ. ಸಿಕ್ಸ್ ನೈಂಟಿ ಸಿಕ್ಸ್ ಹೈವೇ ಹತ್ತುವುದರೊಳಗೆ ಶುರುವಾಯಿತು, ಜಪಾನಿ ರಾಕ್.

ಆ ಹಾಡುಗಳ ಬಗ್ಗೆ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ. ಎಲ್ಲಾ ಹಾಡಿಗೂ ಒಂದೇ ಅಚ್ಚು. ಮೊದಲು ಗೊಣಗಾಟ, ಆಮೇಲೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುವುದು, ಕೊನೆಗೆ ಮಾಳಿಗೆಯ ಮೇಲೆ ನಿಂತು ಚೀರುವುದು. ಆ ಚೀರಾಟವೇ ಪಲ್ಲವಿಯಂತೆ. ಮಧ್ಯೆ ಗಿಟಾರಿನವನಿಗೆ ಮೈಮೇಲೆ ಬರುತ್ತದೆ. ಸಾಲದ್ದಕ್ಕೆ ಕೊನೆಯ ಪಲ್ಲವಿಗೆ ಶ್ರುತಿಯನ್ನೇ ಏರಿಸಿಬಿಡುತ್ತಾರೆ! ಮೈಸೂರಿನಲ್ಲಿ ನಮ್ಮ ಸಂಗೀತದ ಮೇಷ್ಟರ ಮುಂದೆ ಹಾಡಿನ ಮಧ್ಯೆ ಶ್ರುತಿ ಬದಲಿಸಿದ್ದರೆ, ಚಪ್ಪಲಿ ಹಾಕಿಕೊಂಡು ಮನೆಗೆ ಹೋಗು ಎನ್ನುತ್ತಿದ್ದರು. ಕಾರ್ ಕಂಪನಿಯಲ್ಲಿ, ಕಾರಿನೊಳಗೆ ಎಲ್ಲಿ ಏನು ಕಟಕಟ ಎನ್ನುತ್ತದೆಂದು ಹುಡುಕಿ ಅದನ್ನು ಅಡಗಿಸುವುದೇ ಪಕ್ಕದ ಸೀಟಿನ ಈ ಮಹಾಶಯರ ಕೆಲಸವಾಗಿತ್ತು. ದಿನವಿಡೀ ಸದ್ದು ಅಡಗಿಸಿ ಸಂಬಳ ತೆಗೆದುಕೊಳ್ಳುವವರು, ಹೋಗುತ್ತಾ ಬರುತ್ತಾ ಇಂಥ ಗದ್ದಲಕ್ಕೆ ತೊಡೆ ತಟ್ಟುತ್ತಿದ್ದರು.

“ಅರ್ಥಾನೇ ಆಗಲ್ವಲ್ಲ ಸಾರ್, ಅದೇನಂತ ಕೇಳ್ತೀರ?” ಎಂದು ಒಮ್ಮೆ ಕೇಳಿಯೇಬಿಟ್ಟೆ.

“ರಾಗ ಅಳ್ತದ, ತಾಳ ಓಡ್ತದ. ಕೇಳು ಬೇಕಾದ್ರ,” ಎಂದರು. “ಅಳಕೋತ ಓಡೋದು... ಹದಿನಾಕು ವರ್ಷದ ಜೀವ ಅಂದ್ರ ಅದ ಅಲ್ಲೇನು ತಂಗಿ?”

ಹದಿನಾಲ್ಕು ವರ್ಷದ ಜೀವ ಎಂದರೆ ಅವರ ಮಗಳು. ಅಪ್ಪ ಕನ್ನಡದಲ್ಲಿ ಏನು ಕೇಳಿದರೂ ಅವಳದು ಒಂದೇ ಉತ್ತರ, “ಫೈನ್.” ಆಮೇಲೆ ರೂಮಿನ ಬಾಗಿಲು ಧಡ್ ಎನ್ನುತ್ತಿತ್ತು. ನೋವೈ ಶಾಲೆಯಲ್ಲಿ ಜಪಾನಿನ ಮಕ್ಕಳು ಬೇಕಾದಷ್ಟು. ಅವಳ ಗೆಳತಿಯೊಬ್ಬಳು ಈ ಹಾಡುಗಳ ಹುಚ್ಚು ಹಿಡಿಸಿದ್ದಳು. ಒಂದು ದಿನ ಇವರು ಬಾಗಿಲ ಹೊರಗೆ ನಿಂತು ಅವುಗಳಲ್ಲೊಂದರ ಧಾಟಿಯನ್ನು ಗುನುಗಿದರಂತೆ. ಬಾಗಿಲು ತೆರೆಯಿತಂತೆ. ಅಲ್ಲಿಂದ ಶುರು, ಅಪ್ಪ ಮಗಳು ಸೇರಿ ಸಿ.ಡಿ. ಬರ್ನ್ ಮಾಡುವುದು. ಮಗಳ ಹತ್ತಿರ ಮಾತಾಡಲು ಜಪಾನಿನವರ ಸಹಾಯ ಬೇಕಾಯಿತೇ ಎಂದು ನಾನು ಮನೆಯಲ್ಲಿ ಹೇಳಿಕೊಂಡು ನಕ್ಕಿದ್ದೆ.

ಒಂದು ಹಾಡಂತೂ ದಿನಾ ಆಗಲೇಬೇಕು, ‘ಜಪಾನ್ ೩’ರಲ್ಲಿ ಮೊದಲನೆಯದು. ಅದರಲ್ಲಿ ಕೊನೆಯ ಪಲ್ಲವಿಗೆ ಮುಂಚೆ ಎಲ್ಲವೂ ಗಪ್ ಎಂದು ನಿಂತುಬಿಡುತ್ತದೆ. ಡ್ರಮ್ಮಿಲ್ಲ, ಗಿಟಾರಿಲ್ಲ. ಸದ್ಯ, ಮುಗಿಯಿತು ಎಂದು ನಾನು ಬಟನ್ನಿಗೆ ಕೈ ಹಾಕಿದರೆ ಅವರು ತಡೆಯುತ್ತಿದ್ದರು. “ತಡಿ ತಂಗಿ, ತಡಿ. ಮುಗದಿಲ್ಲ ಇನ್ನ. ಉಸಿರು ಹಿಡದಾರ ನೋಡು... ಈಗ ಬಂತು!” ಆಗ ಆ ಪಲ್ಲವಿ ಮೇಲಿನ ಶ್ರುತಿಯಲ್ಲಿ ನುಗ್ಗಿ ಬರುತ್ತಿತ್ತು. ಇಡೀ ಹಾಡಿನ ಮಜಾ ಆ ತಡೆಯುವುದರಲ್ಲೇ ಇದೆ ಎನ್ನುತ್ತಿದ್ದರು. ದಿನಾ ಇದೇ ಮಾತು.

ಎರಡನೆಯ ವರ್ಷದ ರಾಜ್ಯೋತ್ಸವಕ್ಕೆ ಅಪ್ಪ ಮಗಳು ಅದೇ ಹಾಡನ್ನು ಹಾಡುತ್ತೇವೆಂದು ಹೆಸರು ಕೊಟ್ಟರು. ನಮ್ಮ ಕನ್ನಡ ಕೂಟದ ಸಾಂಸ್ಕೃತಿಕ ಸಮಿತಿಯಲ್ಲಿ ನಾನಿದ್ದೆ, ನಿರೂಪಣೆಯೂ ನನ್ನದೇ. ಕನ್ನಡವಲ್ಲದ್ದು ಸ್ಟೇಜಿಗೆ ಬರುವ ಹಾಗಿಲ್ಲ ಎಂದೆ. ತೊಲಗಿತು ಎಂದುಕೊಂಡಿದ್ದರೆ, ಧಾಟಿ ಹಾಗೇ ಇಟ್ಟುಕೊಂಡು ಕನ್ನಡದ ಮಾತು ಹೊಂದಿಸಿ ತಂದರು! ಹಿಂದಿನ ದಿನ ಕಾರಿನಲ್ಲಿ ಕುಣಿಯುವುದೊಂದು ಬಾಕಿ. “ಕೊನೀ ಪಲ್ಲವಿ ಆಕೀನ ಬರದಾಳ, ಆಕೀನ ಹಾಡ್ತಾಳ. ಕನ್ನಡದಾಗ, ತಂಗಿ! ನನಗೂ ತೋರಿಸಿಲ್ಲ. ಸ್ಟೇಜ್ ಮ್ಯಾಲೆ ಕೇಳು ಅಂದಾಳ.” ಒಳ್ಳೇದು ಸಾರ್ ಎಂದು ಎಕ್ಸಿಟ್ ತೆಗೆದುಕೊಂಡೆ.

ನಮ್ಮ ಕೂಟದಲ್ಲಿ ಕಲೆ ಒಂದು ನೆಪ, ಊಟ ಮುಖ್ಯ. ಮಧ್ಯಾಹ್ನ ಒಂದೂವರೆ ಆಗಿತ್ತು. ಹೈಸ್ಕೂಲ್ ಆಡಿಟೋರಿಯಮ್ಮಿನ ತನಕ ಬಿಸಿಬೇಳೆಬಾತಿನ ವಾಸನೆ ಬರುತ್ತಿತ್ತು. ಹಿಂದಿನ ಸಾಲಿನವರು ಆಗಲೇ ಎದ್ದು ಪ್ಲೇಟು ಹುಡುಕುತ್ತಿದ್ದರು. ಮುಂದಿನ ಐಟಂ ನನ್ನದೇ ಶಿಷ್ಯೆಯರ ವೃಂದಗಾನ. ಪಕ್ಕದ ಸೀಟಿನವರು ಜುಬ್ಬಾ ಹಾಕಿಕೊಂಡು, ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಟ್ರ್ಯಾಕಿನ ಜೊತೆ ಬೆವರುತ್ತಾ ಹಾಡಿದರು. ಶ್ರುತಿ ಅಷ್ಟಕ್ಕಷ್ಟೆ. ಅಷ್ಟರಲ್ಲಿ ಎಲ್ಲವೂ ಗಪ್ ಎಂದು ನಿಂತಿತು. ಪಾಪ, ಜನರಿಗೇನು ಗೊತ್ತು, ಮುಗಿಯಿತೆಂದು ಚಪ್ಪಾಳೆ ತಟ್ಟಿದರು. ನಾನು ರೇಷ್ಮೆ ಸೀರೆ ಸರಿಮಾಡಿಕೊಂಡು ಸ್ಟೇಜಿಗೆ ನಡೆದೆ. “ಧನ್ಯವಾದಗಳು! ತುಂಬಾ ವಿಭಿನ್ನವಾದ ಪ್ರಯತ್ನ. ಈಗ ಮುಂದಿನ ಕಾರ್ಯಕ್ರಮ...” ಎಂದೆ. ಲ್ಯಾಪ್‌ಟಾಪ್ ನೋಡಿಕೊಳ್ಳುತ್ತಿದ್ದವರು ಟ್ರ್ಯಾಕ್ ನಿಲ್ಲಿಸಿದರು. ಹುಡುಗಿ ಮೈಕು ಬಾಯಿಯ ಹತ್ತಿರ ಹಿಡಿದು ಉಸಿರೆಳೆದುಕೊಂಡಿದ್ದಳು. ಆ ಉಸಿರನ್ನು ಹಾಗೇ ಬಿಟ್ಟು, ಮೈಕನ್ನು ನನ್ನ ಕೈಗೇ ಕೊಟ್ಟು ಇಳಿದು ಹೋದಳು.

ಪ್ರೇಕ್ಷಕರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ದಿನಾ ತಡಿ ತಂಗಿ, ತಡಿ ಎಂದು ಕೇಳಿಸಿಕೊಂಡವಳು ನಾನು. ಟೈಮ್ ಆಗಿತ್ತು, ಜನ ಹಸಿದಿದ್ದರು ಎಂದೆಲ್ಲ ಆಮೇಲೆ ಸಮಿತಿಯಲ್ಲಿ ಹೇಳಿದೆ. ಅದೆಲ್ಲ ಬರೀ ಬುರುಡೆ. ಆ ಹಾಡನ್ನು ನಿಲ್ಲಿಸುವ ಅವಕಾಶ ಕೊನೆಗೂ ಸಿಕ್ಕಿತ್ತು, ನಿಲ್ಲಿಸಿದೆ. ಎಂಥ ಹೊಟ್ಟೆಕಿಚ್ಚಿನ, ಸಣ್ಣ ಬುದ್ಧಿಯ ಹೆಂಗಸು ನಾನು!

ಸೋಮವಾರ ಅವರು ಎಂದಿನಂತೆ ಬಂದು ಪಕ್ಕದಲ್ಲಿ ಕೂತರು. ಸಿ.ಡಿ. ಒಳಗೇ ಇತ್ತು, ಹಾಕಲಿಲ್ಲ. ವಾರೆನ್ ಎಕ್ಸಿಟ್ ಹತ್ತಿರ ಬಂದಾಗ, “ಇನ್ನೊಂದು ಪಲ್ಲವಿ ಇತ್ತು ತಂಗಿ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ.

“ಮನೇಲಿ ಹಾಡಿಸಿ ಸಾರ್,” ಎಂದೆ.

“ಹಾಡು ಅಂದೆ. ಫೈನ್ ಅಂದ್ಲು. ಬಾಗ್ಲಾ ಹಾಕ್ಕೊಂಡ್ಲು.”

ಕ್ಷಮಿಸಿ ಎನ್ನುವ ಬದಲು ಇಂಡಿಕೇಟರ್ ಹಾಕಿ ಎಕ್ಸಿಟ್ ತೆಗೆದುಕೊಂಡೆ. ಮುಂದಿನ ಬೇಸಿಗೆಯಲ್ಲಿ ಅವರಿಗೆ ಷಿಕಾಗೋ ಕಡೆ ಇಟಾಸ್ಕಾದಲ್ಲಿ ಕೆಲಸ ಸಿಕ್ಕಿ ಹೊರಟುಹೋದರು. ಎರಡು ವರ್ಷದ ಹಿಂದೆ ಕೂಟದ ವಾಟ್ಸ್ಯಾಪ್ ಗುಂಪಿನಲ್ಲಿ ಹಾರ ಹಾಕಿದ ಅವರ ಫೋಟೋ ಬಂತು, ಕೆಳಗೆ ಕೈಮುಗಿದ ಚಿತ್ರಗಳ ಸಾಲು. ನಾನೂ ಒಂದು ಕೈಮುಗಿದು ಹಾಕಿ ಚಪಾತಿ ಲಟ್ಟಿಸಲು ಹೋದೆ. ಇಷ್ಟೇ ನಾನು ಅವರಿಗೆ ಮಾಡಿದ್ದು.

ಮೊನ್ನೆ ಗರಾಜಿನ ಬಾಗಿಲು ತೆರೆದಿಟ್ಟುಕೊಂಡು ಕಾರಿನಲ್ಲಿ ಕೂತು ಆ ಸಿ.ಡಿ.ಯನ್ನು ಒಳಗೆ ತಳ್ಳಿದೆ. ಅದೇ ಗೊಣಗಾಟ, ಅದೇ ಮೆಟ್ಟಿಲು, ಅದೇ ಚೀರಾಟ. ಹಾಡು ನಿಂತಿತು. ನನ್ನ ಬೆರಳು ಅಭ್ಯಾಸಬಲದಿಂದ ಬಟನ್ನಿನ ತನಕ ಹೋಯಿತು. ಪಕ್ಕದ ಸೀಟಿನಿಂದ ತಡಿ ಎನ್ನುವವರಿಲ್ಲ, ನಾನೇ ತಡೆದುಕೊಂಡೆ. ಪಲ್ಲವಿ ಬಂತು, ಶ್ರುತಿ ಏರಿಸಿಕೊಂಡು, ಜಪಾನಿನ ಯಾವನೋ ಗಂಡಸಿನ ದನಿಯಲ್ಲಿ. ಆ ಹುಡುಗಿ ಕನ್ನಡದಲ್ಲಿ ಏನು ಬರೆದಿದ್ದಳೋ ನನಗೆ ಗೊತ್ತಿಲ್ಲ. ಅವಳಪ್ಪ ಅದನ್ನು ಎಂದಾದರೂ ಕೇಳಿಸಿಕೊಂಡರೋ, ಕೇಳದೆಯೇ ಹೋದರೋ... ಅದೂ ಗೊತ್ತಿಲ್ಲ.