ಸೀಲು ಒಡೆಯದ ಕಾರ್ಡು

ಯಾರೂ ಮುಟ್ಟದ ವಸ್ತುವನ್ನು ಸುಸ್ಥಿತಿಯಲ್ಲಿ ಇಡುವುದೇ ಇಪ್ಪತ್ತಾರು ವರ್ಷಗಳಿಂದ ಅವನ ಕೆಲಸ. ಕಚೇರಿಗಳ ಮೂಲೆಯಲ್ಲಿ, ಲಿಫ್ಟಿನ ಪಕ್ಕದಲ್ಲಿ, ಚಿತ್ರಮಂದಿರದ ಹಿಂಬಾಗಿಲಲ್ಲಿ ತೂಗುಹಾಕಿರುವ, ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳ ತಪಾಸಣೆ ಅವನದು. ಒತ್ತಡ ತೋರಿಸುವ ಗೇಜಿನ ಮುಳ್ಳು ಹಸಿರಿನಲ್ಲಿದೆಯೇ, ಪಿನ್ನು ಜಾಗದಲ್ಲಿದೆಯೇ, ಪಿನ್ನಿಗೆ ಬಿಗಿದ ಪ್ಲಾಸ್ಟಿಕ್ ಸೀಲು ಇಡಿಯಾಗಿದೆಯೇ ಎಂದು ನೋಡುತ್ತಾನೆ. ಒಳಗಿನ ಪುಡಿ ಗಟ್ಟಿಯಾಗದಂತೆ ತಲೆಕೆಳಗು ಮಾಡಿ ಕುಲುಕುತ್ತಾನೆ. ಕೊರಳಿಗೆ ಕಟ್ಟಿದ ಚೀಟಿಯಲ್ಲಿ ತಾರೀಖು ಬರೆದು ಸಹಿ ಹಾಕುತ್ತಾನೆ. ಎಲ್ಲಾದರೂ ಸೀಲು ಒಡೆದಿದ್ದರೆ ಅವನಿಗೆ ಮೈಯೆಲ್ಲ ಉರಿಯುತ್ತದೆ. ಬೆಂಕಿ ಬಿದ್ದು ಒಡೆದರೆ ಸರಿ, ಹತ್ತಕ್ಕೆ ಒಂಬತ್ತು ಸಲ ಯಾರೋ ಸುಮ್ಮನಿರಲಾರದೆ ಕೈಯಾಡಿಸಿರುತ್ತಾರೆ. ಹೇಗಿದ್ದೀರಿ ಎಂದು ಯಾರಾದರೂ ಕೇಳಿದರೆ ‘ಮುಳ್ಳು ಹಸಿರಲ್ಲೇ ಇದೆ’ ಎನ್ನುವುದು ಅವನ ರೂಢಿ. ಹಾಗಾಗಿ ಜೊತೆಗಾರರ ಬಾಯಲ್ಲಿ ಅವನ ಹೆಸರೇ ಹಸಿರುಮುಳ್ಳು.

ಮನೆ ಎರಡನೆಯ ಮಹಡಿಯಲ್ಲಿ, ಎರಡೇ ಕೋಣೆ. ಬಾಡಿಗೆಯದು, ಅಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಆರು ವರ್ಷಗಳಿಂದ ಅವನ ಹೆಂಡತಿಯ ದೃಷ್ಟಿ ಅಂಚಿನಿಂದ ಒಳಕ್ಕೆ ಕರಗುತ್ತ ಬಂದು ಈಗ ಬೆಳಕು ಯಾವ ಕಡೆ ಎಂಬುದಷ್ಟೇ ಉಳಿದಿತ್ತು. ಆದರೆ ಆ ಮನೆಯೊಳಗೆ ಅವಳನ್ನು ಕುರುಡಿ ಎನ್ನುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಕುದಿಯುವ ಹಾಲು ಉಕ್ಕುವ ಮುಂಚೆಯೇ ಇಳಿಸುತ್ತಿದ್ದಳು. ಮೆಟ್ಟಿಲಿಳಿದು ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿಕೊಂಡು ಬರುತ್ತಿದ್ದಳು. ಗಂಡ ಚಪ್ಪಲಿಯನ್ನು ಒಂದು ಗೇಣು ಆಚೆ ಬಿಟ್ಟರೂ ಬೈಯುತ್ತಿದ್ದಳು. ದೃಷ್ಟಿ ಪೂರ್ತಿ ಹೋಗುವ ಮುಂಚೆ ಅವಳು ಆ ಮನೆಯನ್ನು ಬಾಯಿಪಾಠ ಮಾಡಿಕೊಂಡಿದ್ದಳು.

ಅಂಥ ಮನೆಯನ್ನು ಮಾರುತ್ತೇನೆ ಎಂದಳು ಒಡತಿ. ವಯಸ್ಸಾದವಳು, ಮಗಳ ಮನೆಗೆ ಹೊರಟಿದ್ದಳು. ನೀನೇ ಕೊಂಡುಕೋ, ಒಂದು ವರ್ಷ ಕಾಯುತ್ತೇನೆ, ಅದಕ್ಕಿಂತ ಹೆಚ್ಚು ಅಳಿಯ ಬಿಡುವುದಿಲ್ಲ ಎಂದು ಖಂಡಿತವಾಗಿ ಹೇಳಿದಳು. ಅವನ ಬಳಿ ಬೆಲೆಯ ಮೂರನೇ ಒಂದು ಪಾಲು ಇತ್ತು. ಮಿಕ್ಕಿದ್ದಕ್ಕೆ ಬ್ಯಾಂಕಿಗೆ ಹೋದ.

ಸಾಲದ ವಿಭಾಗದ ಹೆಂಗಸು ಕಂಪ್ಯೂಟರಿನಲ್ಲಿ ಅವನ ಹೆಸರು ಹುಡುಕಿ ತಲೆಯಾಡಿಸಿದಳು.

“ಏನೂ ಇಲ್ಲ ಸರ್ ನಿಮ್ಮ ಹೆಸರಲ್ಲಿ.”

“ಇರೋದಿಲ್ಲ ಮೇಡಂ. ನಾನು ಜನ್ಮದಲ್ಲಿ ಸಾಲ ಮಾಡಿದವನಲ್ಲ,” ಎಂದು ಅವನು ಎದೆಯುಬ್ಬಿಸಿ ಹೇಳಿದ.

“ಅದೇ ತೊಂದರೆ. ತಗೊಂಡು ತೀರಿಸಿದ್ದು ಎಲ್ಲಾದರೂ ದಾಖಲಾಗಿದ್ದರೆ ತಾನೇ ನೀವು ಎಂಥವರು ಅಂತ ನಮಗೆ ಗೊತ್ತಾಗೋದು?”

ಆಚೆ ಸಾಲಿನಲ್ಲಿ ಎಂಟು ಜನ ನಿಂತಿದ್ದರು. ಅವಳು ಅವಸರದಲ್ಲೇ ದಾರಿ ಹೇಳಿದಳು. ಒಂದು ಕ್ರೆಡಿಟ್ ಕಾರ್ಡು ಮಾಡಿಸಿ, ಒಂದು ವರ್ಷ ಹುಷಾರಾಗಿ ಇಟ್ಟುಕೊಳ್ಳಿ, ಒಂದು ದಿನಕ್ಕೂ ಒಂದು ಪೈಸೆ ಬಾಕಿ ನಿಲ್ಲಬಾರದು, ಆಮೇಲೆ ಬನ್ನಿ. ಕಾರ್ಡು ಎಂದ ಮೇಲೆ ಅದರಲ್ಲಿ ಏನಾದರೂ ಕೊಳ್ಳಬೇಕು ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಅದನ್ನು ಹೇಳಬೇಕಾದ ಮನುಷ್ಯನನ್ನು ಅವಳು ಅದುವರೆಗೆ ಕಂಡಿರಲಿಕ್ಕಿಲ್ಲ.

ಕಾರ್ಡು ಆರಿಸುವುದಕ್ಕೆ ಬಾಮೈದ ಬಂದ. ಮೂರು ಕಾರ್ಡುಗಳ ಒಡೆಯ, ತಿಂಗಳ ಹತ್ತನೇ ತಾರೀಖಿಗೆ ಕೈ ಖಾಲಿ ಮಾಡಿಕೊಳ್ಳುವ ಆಸಾಮಿ. ಕಪ್ಪು ಬಣ್ಣದ ಒಂದನ್ನು ಹೊಗಳಿದ್ದೇ ಹೊಗಳಿದ್ದು. ಅದಿದ್ದರೆ ವಿಮಾನ ನಿಲ್ದಾಣದಲ್ಲಿ ಪುಕ್ಕಟೆ ಕಾಫಿಯಂತೆ, ಮೆತ್ತನೆ ಕುರ್ಚಿಯಂತೆ. ವಿಮಾನವನ್ನು ಕತ್ತೆತ್ತಿ ಮಾತ್ರ ನೋಡಿದವನು ಆ ಕಾಫಿ ಕುಡಿಯಲು ಬಸ್ಸಿನಲ್ಲಿ ಹೋಗಬೇಕಷ್ಟೆ ಎಂದಳು ಹೆಂಡತಿ. ಹಸಿರುಮುಳ್ಳು ನಗಲಿಲ್ಲ. ಹೆಂಡತಿಗೆಂದು ತಂದು ಈಗ ಉಪಯೋಗಕ್ಕೆ ಬಾರದ ಭೂತಗನ್ನಡಿ ಹಿಡಿದು ಐದು ಬ್ಯಾಂಕುಗಳ ಸಣ್ಣ ಅಕ್ಷರಗಳನ್ನು ಎರಡು ಭಾನುವಾರ ಕೂತು ಓದಿದ. ವರ್ಷಕ್ಕೆ ಶುಲ್ಕವಿಲ್ಲದ, ಮಿತಿ ಕಡಿಮೆ ಇರುವ, ತನ್ನದೇ ಒಂದು ಚಿಕ್ಕ ಠೇವಣಿಯ ಮೇಲೆ ಕೊಡುವ ಕಾರ್ಡನ್ನು ಆರಿಸಿದ. ಆಯ್ಕೆ ಸರಿಯಾಗೇ ಇತ್ತು. ಆದರೆ ಬಾಕಿ ಉಳಿದರೆ ಬೀಳುವ ಬಡ್ಡಿಯನ್ನು ವರ್ಷಕ್ಕೆ ಲೆಕ್ಕ ಹಾಕಿದಾಗ ನೂರಕ್ಕೆ ನಲವತ್ತು ಮೀರಿತು. ತಪ್ಪಿರಬೇಕೆಂದು ಮತ್ತೊಮ್ಮೆ ಹಾಕಿದ, ಅಷ್ಟೇ ಬಂತು. ಹೆದರಿಕೆ ಅವನೊಳಗೆ ಹೊಕ್ಕಿದ್ದು ಆಗ.

ಕಾರ್ಡು ಬಂತು. ಇದನ್ನು ಚಾಲೂ ಮಾಡಲು ಈ ಸಂಖ್ಯೆಗೆ ಕರೆ ಮಾಡಿ ಎಂಬ ಚೀಟಿ ಅದರ ಮೈಗೆ ಅಂಟಿತ್ತು. ಅವನು ಅದನ್ನು ಕೀಳಲಿಲ್ಲ. ಬಾಕಿ ನಿಲ್ಲಬಾರದು ಎಂದರೆ ಬಾಕಿ ಹುಟ್ಟಲೇಬಾರದು, ಇದಕ್ಕಿಂತ ಹುಷಾರು ಯಾವುದಿದೆ? ಕಬ್ಬಿಣದ ಬೀರುವಿನಲ್ಲಿ, ಬಟ್ಟೆಯ ಕೆಳಗೆ ಇಟ್ಟ. ಲಕೋಟೆಯ ತುದಿಗೆ ತೂತು ಹಾಕಿ, ಕಚೇರಿಯಿಂದ ತಂದ ತಪಾಸಣೆಯ ಚೀಟಿಯೊಂದನ್ನು ದಾರದಲ್ಲಿ ಕಟ್ಟಿದ. ಪ್ರತಿ ತಿಂಗಳ ಒಂದನೇ ತಾರೀಖು ಕೆಲಸಕ್ಕೆ ಹೊರಡುವ ಮುಂಚೆ ತೆಗೆದು ನೋಡಿ, ತಾರೀಖು ಬರೆದು ಸಹಿ ಹಾಕುತ್ತಿದ್ದ. ಹೆಂಡತಿ ಕೈಚಾಚಿದರೆ ಕೊಡುತ್ತಿದ್ದ. ಅವಳು ಉಬ್ಬಿದ ಅಂಕಿಗಳ ಮೇಲೆ ಬೆರಳಾಡಿಸಿ ಹಿಂದಿರುಗಿಸುತ್ತಿದ್ದಳು.

ಬ್ಯಾಂಕಿನಿಂದ ಮೊಬೈಲಿಗೆ ಸಂದೇಶಗಳು ಬಂದವು. ಮೊದಲ ಖರೀದಿಗೆ ರಿಯಾಯಿತಿ, ಎರಡನೆಯದಕ್ಕೆ ಉಡುಗೊರೆ. ಆಮಿಷಕ್ಕೆ ಬೀಳುತ್ತಾನೋ ಇಲ್ಲವೋ ಎಂದು ತನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂದುಕೊಂಡು, ಆಮೇಲೆ ಬಂದವನ್ನೆಲ್ಲ ಓದದೆಯೇ ಅಳಿಸಿದ. ಬಾಮೈದ ಒಮ್ಮೆ ಬಂದವನು ಬೀರುವಿನ ವಿಷಯ ಕೇಳಿ ಹಣೆ ಚಚ್ಚಿಕೊಂಡ.

“ಭಾವ, ಅದೇನು ಉಪ್ಪಿನಕಾಯೇ, ಇಟ್ಟಷ್ಟೂ ರುಚಿಯಾಗೋಕೆ? ಒಂದು ಸಲ ಅಂಗಡೀಲಿ ಉಜ್ಜಿ, ಮಾರನೇ ದಿನ ಕಟ್ಟಿಬಿಡಿ.”

“ನಿನ್ನ ಮೂರು ಕಾರ್ಡಿನ ಕಥೆ ಮೊದಲು ನೋಡಿಕೋ,” ಎಂದ ಇವನು. ಅವನು ಹೋದ ಮೇಲೆ ಹೆಂಡತಿ ಮೆಲ್ಲಗೆ, ಒಂದು ತಿಂಗಳ ದಿನಸಿ ಮಾತ್ರ ಅದರಲ್ಲಿ ತಂದು ನೋಡಿದರೆ ಏನು ಎಂದು ಕೇಳಿದಳು. ಮನೆ ಕೈಗೆ ಬರುವ ಹೊತ್ತಿಗೆ ಕಲ್ಲು ಹಾಕಬೇಡ ಎಂದುಬಿಟ್ಟ. ಅವಳು ಮತ್ತೆ ಕೇಳಲಿಲ್ಲ.

ಹನ್ನೆರಡು ಸಹಿಗಳಾದವು. ಹದಿಮೂರನೆಯ ತಿಂಗಳ ಮೊದಲ ಸೋಮವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬ್ಯಾಂಕಿಗೆ ಹೋದ. ಅದೇ ಹೆಂಗಸು, ಅದೇ ಕುರ್ಚಿ. ಲಕೋಟೆಯನ್ನು ಮೇಜಿನ ಮೇಲಿಟ್ಟು, ಕಾರ್ಡನ್ನು ಅದರ ಚೀಟಿ ಮೇಲಾಗುವಂತೆ ತಿರುಗಿಸಿದ.

“ಒಂದು ಗೀರೂ ಬಿದ್ದಿಲ್ಲ, ನೋಡಿ ಮೇಡಂ.”

ಅವಳು ಕಾರ್ಡು ನೋಡಿದಳು, ದಾರಕ್ಕೆ ಕಟ್ಟಿದ ಸಹಿಗಳನ್ನು ನೋಡಿದಳು, ಕಂಪ್ಯೂಟರ್ ನೋಡಿದಳು.

“ಸರ್, ಇದು ಶುರುವೇ ಆಗಿಲ್ಲ. ಬಳಸಿಲ್ಲ ಅಂತ ಎರಡು ಸಲ ಎಚ್ಚರಿಸಿ ಮುಚ್ಚಿಬಿಟ್ಟಿದ್ದಾರೆ. ನಿಮಗೆ ಮೆಸೇಜು ಬಂದಿರಬೇಕು.”

“ಮುಚ್ಚಿದರೆ ಮುಚ್ಚಲಿ. ಬಾಕಿ ಇಲ್ಲವಲ್ಲ?”

“ಬಾಕಿ ಇಲ್ಲ. ಏನೂ ಇಲ್ಲ. ಹೋದ ವರ್ಷ ಬಂದಾಗ ಹೇಗಿದ್ದಿರೋ ಹಾಗೇ ಇದ್ದೀರಿ.”

ತಿಂಗಳಿಗೊಂದು ಸಲ ಸೋಪೋ ಅಕ್ಕಿಯೋ ಕೊಂಡು, ಬಿಲ್ಲು ಬಂದ ಕೂಡಲೇ ಪೂರ್ತಿ ಕಟ್ಟಿದ್ದರೆ ಸಾಕಿತ್ತು ಎಂದು ಅವಳು ಈ ಸಲ ನಿಧಾನವಾಗಿ, ಒಂದೊಂದೇ ಮಾತಾಗಿ ಹೇಳಿದಳು. ಹೊಸದಾಗಿ ಮಾಡಿಸಿ, ಇನ್ನೊಂದು ವರ್ಷ ಎಂದಳು. ಅವಳ ದನಿಯಲ್ಲಿ ಕನಿಕರವಿತ್ತು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮನೆಯ ಒಡತಿ ಅತ್ತಳು, ಆದರೆ ತಡೆಯಲಾರೆ ಎಂದಳು. ಅಳಿಯ ಆಗಲೇ ಬೇರೆಯವರಿಂದ ಮುಂಗಡ ಹಿಡಿದಿದ್ದ. ಬಾಮೈದ ತನ್ನ ಹೆಸರಿನಲ್ಲಿ ಸಾಲ ಎತ್ತಲು ಓಡಾಡಿದ. ಅವನಿಗೆ ಆಗಲೇ ಕತ್ತಿನವರೆಗೆ ಸಾಲವಿದ್ದುದರಿಂದ ಅದೂ ಕೂಡಿಬರಲಿಲ್ಲ. ನಾನು ಆವತ್ತೇ ಹೇಳಿದ್ದೆ ಎಂಬ ಒಂದು ಮಾತನ್ನು ಅವನು ಆಡಲಿಲ್ಲ. ಹೆಂಡತಿಯೂ ಆಡಲಿಲ್ಲ. ಸಾಮಾನು ಕಟ್ಟಿದ ದಿನ ಅವಳು ಬರಿದಾದ ಕೋಣೆಗಳಲ್ಲಿ ಕೈಚಾಚದೆ ಸಲೀಸಾಗಿ ನಡೆದಾಡಿದಳು. ಅವನು ಬಾಗಿಲ ಹೊರಗೇ ನಿಂತ.

ಹೊಸ ಬಾಡಿಗೆ ಮನೆ ಊರಿನ ಇನ್ನೊಂದು ತುದಿಯಲ್ಲಿ, ನೆಲಮಟ್ಟದಲ್ಲಿತ್ತು. ಅವನು ಮೂರು ದಿನ ರಜೆ ಹಾಕಿ ಅವಳ ಕೈಹಿಡಿದು ಗೋಡೆಗಳನ್ನು ಮುಟ್ಟಿಸಿದ, ಒಲೆ ತೋರಿಸಿದ, ಬಚ್ಚಲಿಗೆ ಹೋಗುವ ದಾರಿಯನ್ನು ಇಪ್ಪತ್ತು ಸಲ ನಡೆಸಿದ. ಮೂರನೆಯ ದಿನ ಅವಳು ಬಚ್ಚಲ ಹೊಸ್ತಿಲಲ್ಲಿ ಮುಗ್ಗರಿಸಿ ಮೊಣಕೈ ಒಡೆದುಕೊಂಡಳು. ಹೊಸದನ್ನು ಕಲಿಯುವುದಕ್ಕೆ ಸ್ವಲ್ಪವಾದರೂ ಕಾಣಬೇಕು ಎಂದಳು, ದೂರುವಂತಲ್ಲ, ಸುಮ್ಮನೆ ತಿಳಿಸುವಂತೆ.

ನಾಲ್ಕನೆಯ ದಿನ ಅವನು ಕೆಲಸಕ್ಕೆ ಹೋಗಲೇಬೇಕಿತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ತಿಂಡಿಯ ಡಬ್ಬಿ, ಒಂದು ಲೋಟ ನೀರು ಇಟ್ಟು ಅವಳ ಕೈಗೆ ಮುಟ್ಟಿಸಿದ.

“ನೀವು ಹೋಗಿ. ನಾನು ಇಲ್ಲೇ ಕೂತಿರ್ತೀನಿ,” ಎಂದಳು.

ಸಂಜೆ ಬಾಗಿಲು ತೆರೆದಾಗ ಅವಳು ಅಲ್ಲೇ, ಹಾಗೇ ಕೂತಿದ್ದಳು. ಕಾಲು ಮಡಚಿದ ರೀತಿಯೂ ಬದಲಾಗಿರಲಿಲ್ಲ. ಡಬ್ಬಿ ಖಾಲಿಯಾಗಿತ್ತು. ನೀರು ಮಾತ್ರ ಲೋಟದ ಅಂಚಿನವರೆಗೆ ಇತ್ತು.

“ಬಾಯಾರಲಿಲ್ಲವೇನೇ?” ಎಂದು ಕೇಳಿದ.

“ಕುಡಿದರೆ ಏಳಬೇಕಾಗುತ್ತಲ್ಲ,” ಎಂದಳು ಅವಳು.