ಬಾಟಲಿಯ ಬಾಯಿಗೆ ತಾಗಿದ ಸುಣ್ಣ

ನಾನು ಐದನೇ ಕ್ಲಾಸು ಮುಗಿಸಿದವಳಲ್ಲ. ಆದರೂ ಕಪ್ಪೆಯ ಹೃದಯ ಯಾಕೆ ಬಡಿಯುತ್ತದೆ ಎಂದು ನನಗೆ ಗೊತ್ತುಂಟು. ಎಂಬತ್ತರ ಆಸುಪಾಸಿನಲ್ಲಿ ಮಣಿಪಾಲದ ಒಂದು ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದೆ. ಹೇಳಿಕೊಟ್ಟವಳು ಅಲ್ಲಿ ಓದುತ್ತಿದ್ದ ಕಾರ್ಕಳದ ಹುಡುಗಿ.

"ಜೀವಕೋಶ ಅಂದರೆ ಒಂದು ಮನೆ ಅಂತ ಇಟ್ಟುಕೊಳ್ಳಿ, ಅಕ್ಕಾ. ಗೋಡೆಯಲ್ಲಿ ಸಣ್ಣ ಸಣ್ಣ ಬಾಗಿಲು. ಕ್ಯಾಲ್ಸಿಯಂ ಒಳಗೆ ಬಂದರೆ ಮಾಂಸ ಬಿಗಿಯುತ್ತದೆ, ಆಚೆ ಹಾಕಿದರೆ ಸಡಿಲ. ಕಾಲಿನ ಮಾಂಸಕ್ಕೆ ಒಳಗೇ ಕಣಜ ಉಂಟು, ಸ್ವಲ್ಪ ಹೊತ್ತು ಅದರಲ್ಲೇ ನಡೆಯುತ್ತದೆ. ಕಪ್ಪೆಯ ಹೃದಯಕ್ಕೆ ಅಷ್ಟು ದಾಸ್ತಾನಿಲ್ಲ, ಹೊರಗಿನಿಂದಲೇ ಬರಬೇಕು."

"ಬರದಿದ್ದರೆ ಎಂತ?"

"ನಿಲ್ಲುತ್ತದೆ. ನಾಳೆ ಕಪ್ಪೆಯ ಹೃದಯವನ್ನು ಕ್ಯಾಲ್ಸಿಯಂ ಇಲ್ಲದ ಉಪ್ಪುನೀರಿನಲ್ಲಿಟ್ಟು ಸರ್‌ಗೆ ತೋರಿಸುವುದು ಅದನ್ನೇ. ಬಾಟಲಿ ತೊಳೆಯುವಾಗ ಎಲೆ-ಅಡಿಕೆ ಹಾಕಬೇಡಿ ಆಯ್ತಾ? ನಿಮ್ಮ ಸುಣ್ಣದಲ್ಲಿರುವುದೂ ಕ್ಯಾಲ್ಸಿಯಮ್ಮೇ."

ಅದು ಸರಿ ಬಂದರೆ ಸರ್ ಅವಳನ್ನು ತಮ್ಮ ಸಂಶೋಧನೆಗೆ ಸೇರಿಸಿಕೊಳ್ಳುವವರಿದ್ದರು.

ನನ್ನ ತವರು ಕಾಪು. ಅಲ್ಲಿಯ ಚಿಪ್ಪಿನ ಸುಣ್ಣ ಹಚ್ಚಿದ ಎಲೆ ಬಾಯಿಗೆ ಬೀಳದೆ ನನಗೆ ಬೆಳಗಾಗುವುದಿಲ್ಲ. ಬೆರಳ ತುದಿಯ ಸುಣ್ಣಕ್ಕೆ ಎಂತ ಆಗುವುದು, ಓದಿದವರ ಮಡಿ ಇದು ಎಂದುಕೊಂಡೆ. ಎಲೆ ಹಾಕಿಯೇ ತೊಳೆದೆ. ಒಣಗಿದ ಬಾಟಲಿಯ ಬಾಯಿಯಲ್ಲಿ ಏನೋ ಅಂಟಿದಂತೆ ಕಂಡಿತು. ಆಗಷ್ಟೇ ಇನ್ನೊಂದು ಎಲೆಗೆ ಸುಣ್ಣ ಹಚ್ಚಿದ್ದ ಬೆರಳನ್ನೇ ಹಾಕಿ ಒಂದು ಸುತ್ತು ತಿರುಗಿಸಿದೆ.

ಮರುದಿನ ಆ ಬಾಟಲಿಯಲ್ಲಿ ಅವಳು ಮಾಡಿಟ್ಟ ನೀರಿನಲ್ಲಿ ಕಪ್ಪೆಯ ಹೃದಯ ನಿಲ್ಲಲಿಲ್ಲ. ಬಡಿಯುತ್ತಲೇ ಇತ್ತು. ಸರ್ ಕೈಕಟ್ಟಿ ನೋಡಿದರು.

"ಕ್ಯಾಲ್ಸಿಯಂ ಇಲ್ಲದ ನೀರಂತೆ! ಸುಣ್ಣದ ಗೂಡಿನಿಂದ ಮೊಗೆದು ತಂದೆಯಾ? ಒಂದು ನೀರು ಮಾಡಲು ಬಾರದವಳು ಸಂಶೋಧನೆ ಮಾಡುತ್ತಾಳಂತೆ."

ಬೇರೆ ಮಕ್ಕಳು ನಕ್ಕರು. ಹುಡುಗಿ ನನ್ನ ಹತ್ತಿರ ಬಂದು ಮೆಲ್ಲ ಕೇಳಿದಳು, "ಅಕ್ಕಾ, ನಿನ್ನೆ ಎಲೆ ಹಾಕಿದ್ದಿರಾ?"

ಹೌದು ಎಂದರೆ ಮುಗಿಯುತ್ತಿತ್ತು. ಸರ್ ನನಗೆ ಬೈಯುತ್ತಿದ್ದರು, ಅಷ್ಟೇ. ನಾನು ಬಲಗೈ ಚಾಚಿದೆ. ಸುಣ್ಣದ ಕಲೆ ಇದ್ದ ಎಡಗೈ ಸೆರಗಿನೊಳಗಿತ್ತು.

"ಇಲ್ಲ ಮಾರಾಯ್ತಿ. ನಿನ್ನ ತಪ್ಪನ್ನು ನನ್ನ ತಲೆಗೆ ಕಟ್ಟಬೇಡ."

ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಸರ್ ಆ ಜಾಗ ಬೇರೆಯವನಿಗೆ ಕೊಟ್ಟರು.

ಸೋಮವಾರ ಅವಳು ಊರಿನಿಂದ ಬರುವಾಗ ಬಾಳೆ ಎಲೆಯಲ್ಲಿ ಸುತ್ತಿದ ಒಂದು ಕಟ್ಟು ವೀಳ್ಯದೆಲೆ ತಂದಿದ್ದಳು. "ನಿಮ್ಮ ಮೇಲೆ ಸಂಶಯಪಟ್ಟೆ, ಬೇಜಾರು ಮಾಡಬೇಡಿ ಅಕ್ಕಾ."

ಆಗಲೂ ಬಾಯಿ ಬಿಡಬಹುದಿತ್ತು. ಕಟ್ಟು ತೆಗೆದುಕೊಂಡೆ. ಹಿಂದಿನ ಮೆಟ್ಟಿಲಲ್ಲಿ ಕೂತು, ಒಂದೆಲೆಗೆ ಸುಣ್ಣ ಹಚ್ಚಿ, ಮಡಚಿ ತಿಂದೆ. ಒಳ್ಳೆ ಎಲೆ ಎಂದು ಅವಳಿಗೆ ಹೇಳಿಯೂ ಹೇಳಿದೆ.