ಹಿರಿಯಣ್ಣನವರು ಕಿತ್ತ ಮುಳ್ಳುತಂತಿ

ವಾಯುಪಡೆಯಿಂದ ನಿವೃತ್ತರಾದ ಹಿರಿಯಣ್ಣ ಅರಸೀಕೆರೆಗೆ ಮರಳದೆ ನಾಗಪುರದಲ್ಲೇ ಉಳಿದರು. ಉಮರೇಡ್ ಕಡೆಯ ಕಾಡಂಚಿನಲ್ಲಿ ನಗರದ ಗಾಂಧಿಬಾಗ್ ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರ ವಿಹಾರದ ಬಂಗಲೆಯಿತ್ತು. ಅಲ್ಲಿ ಪಂಪು, ಜನರೇಟರು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಸುತ್ತಲೂ ಎರಡು ಕಿಲೋಮೀಟರ್ ಮುಳ್ಳುತಂತಿಯನ್ನು ನಿಂತು ಹಾಕಿಸಿದವರೂ ಅವರೇ.

ಒಂದು ಬೆಳಿಗ್ಗೆ ಗಬ್ಬದ ಜಿಂಕೆಯೊಂದು ಆ ತಂತಿಗೆ ಸಿಕ್ಕಿ ಸತ್ತಿತ್ತು. ಯಾರಿಗೂ ಹೇಳದೆ ಹೂತುಬಿಡಲು ಮಾಲೀಕರು ಹೇಳಿದರು. ಹಿರಿಯಣ್ಣ ಹೂತರು. ಮೂರು ದಿನ ಅವರಿಗೆ ಊಟ ಸೇರಲಿಲ್ಲ.

ಮುಂದೆ ಅದು ಅರಣ್ಯದ ಜಾಗವೆಂದು ಕೋರ್ಟಿನಲ್ಲಿ ತೀರ್ಪಾಗಿ ಬಂಗಲೆ ಖಾಲಿಯಾಯಿತು. ಹತ್ತು ವರ್ಷಗಳಲ್ಲಿ ಹುಲ್ಲುಹಾಸಿನ ಮೇಲೆ ತೇಗ, ಬಿದಿರು ಎದ್ದವು. ಅರಣ್ಯ ಇಲಾಖೆಯವರು ಭಾನುವಾರದ ಚಾರಣ ಶುರುಮಾಡಿದಾಗ, ಪೊದೆಗಳಲ್ಲಿ ಮುಚ್ಚಿಹೋಗಿದ್ದ ಬಾವಿಗಳು ಎಲ್ಲಿವೆಯೆಂದು ಬಲ್ಲವರು ಹಿರಿಯಣ್ಣ ಒಬ್ಬರೇ. ದಾರಿ ತೋರಿಸಲು ಅವರನ್ನೇ ಕರೆದರು.

ಕಳೆದ ಡಿಸೆಂಬರಿನಲ್ಲಿ ಅವರ ಜೊತೆ ನಡೆದವಳು ಸಂಹಿತಾ. ಬೆಂಗಳೂರಿನವಳು, ನಾಗಪುರದ ಸದರ್‌ನಲ್ಲಿ ಡಾಕ್ಟರು. ಹಳ್ಳದ ಬಳಿ ಹೆಣ್ಣು ಜಿಂಕೆಯೊಂದು ಹಳೆಯ ತಂತಿಯಲ್ಲಿ ಕಾಲು ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತು.

"ಅಂಕಲ್, ಗಾರ್ಡಿಗೆ ಫೋನ್ ಮಾಡ್ಲಾ?"

"ಮಾಡಮ್ಮ. ಆದ್ರೆ ಅವ್ರು ಬರೋವರೆಗೂ ಇದು ಉಳಿಯಲ್ಲ."

ಹಿರಿಯಣ್ಣ ಸ್ವೆಟರ್ ಬಿಚ್ಚಿ ಜಿಂಕೆಯ ಕಣ್ಣು ಮುಚ್ಚಿದರು. ಫೋನು ಮುಗಿಸಿದ ಸಂಹಿತಾ ಹಿಂಗಾಲುಗಳನ್ನು ಒತ್ತಿ ಹಿಡಿದಳು. ಅವರು ಚೀಲದಿಂದ ಕಟಿಂಗ್ ಪ್ಲೇಯರ್ ತೆಗೆದು ತಂತಿಯನ್ನು ಎರಡು ಕಡೆ ಕತ್ತರಿಸಿದರು. ಜಿಂಕೆ ಕೊಸರಿಕೊಂಡು ಎದ್ದು, ಕುಂಟುತ್ತಲೇ ಬಿದಿರಿನೊಳಗೆ ನುಗ್ಗಿತು.

ಹಿರಿಯಣ್ಣನವರ ಅಂಗೈ ಸೀಳಿತ್ತು. ಸಂಹಿತಾ ಪಟ್ಟಿ ಕಟ್ಟುವಾಗ ಅವರು ಮೆಲ್ಲಗೆ ಹೇಳಿದರು: "ಈ ತಂತಿ ಹಾಕ್ಸಿದ್ದು ನಾನೇ ಕಣಮ್ಮ. ಒಂದು ಸತ್ತೂ ಹೋಗಿತ್ತು. ನಾನೇ ಹೂತಿದ್ದೆ. ಇವತ್ತಿನವರೆಗೂ ಬಾಯಿ ಬಿಟ್ಟಿರ್ಲಿಲ್ಲ."

ಅವಳು ಪಟ್ಟಿಯ ಗಂಟು ಬಿಗಿದಳು. "ಹಾಗಾದ್ರೆ ಎಲ್ಲೆಲ್ಲಿದೆ ಅಂತ ನಿಮಗೆ ಬರೋಬರ್ ಗೊತ್ತಿರತ್ತೆ. ಮುಂದಿನ ವಾರದಿಂದ ಕೀಳೋಣ."

ಗಾರ್ಡ್ ಬಂದವನು ಮೊದಲು ತಾನು ಬರುವವರೆಗೆ ಕಾಯದಿದ್ದುದಕ್ಕೆ ರೇಗಿದ. ಆಮೇಲೆ ತಂತಿ ಕೀಳಲು ತನ್ನ ಸಾಹೇಬರಿಂದ ಅನುಮತಿಯನ್ನೂ ತಂದುಕೊಟ್ಟ. ಜನವರಿಯಿಂದ ಪ್ರತಿ ಭಾನುವಾರ ಏಳೆಂಟು ಜನ ಸೇರಿ ತಂತಿ ಕಿತ್ತರು. ಏಪ್ರಿಲಿನ ಬಿಸಿಲು ಏರುವಷ್ಟರಲ್ಲಿ ಎರಡು ಟೆಂಪೋ ತುಂಬಿತು. ಹಳ್ಳದ ದಂಡೆಯಲ್ಲಿ ಇನ್ನೂ ನೂರು ಮೀಟರಿನಷ್ಟು ಮಣ್ಣಿನಲ್ಲಿ ಹುದುಗಿದೆ. ಮಳೆ ಬಿದ್ದು ನೆಲ ಸಡಿಲವಾಗಲೆಂದು ಹಿರಿಯಣ್ಣ ಕಾಯುತ್ತಿದ್ದಾರೆ.